ಜೀಪಿನ ಹೆಚ್ಚುವರಿ ದೀಪ: ಸ್ವಿಚ್ ಕರಗಿದ ಮೇಲೆ ಮಾಡಿದ ದುರಸ್ತಿ

ಸಕಲೇಶಪುರದ ತೋಟದ ದಾರಿಗೆಂದು ಜೀಪಿಗೆ 55 ವ್ಯಾಟಿನ ಎರಡು ಹ್ಯಾಲೋಜನ್ ದೀಪ ಹಾಕಿಸಿದ್ದೆ. ಅರ್ಧ ಗಂಟೆ ಉರಿಸಿದ್ದೇ ತಡ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಬಿಚ್ಚಿದರೆ ಸ್ವಿಚ್ಚಿನ ಹಿಂಬದಿ ಮೇಣದಂತೆ ಇಳಿದಿತ್ತು, ವೈರಿನ ಹೊದಿಕೆ ಕಪ್ಪಾಗಿ ಬಿರಿದಿತ್ತು. 12 ವೋಲ್ಟಿನಲ್ಲಿ 110 ವ್ಯಾಟ್ ಎಂದರೆ ಒಂಬತ್ತು ಆಂಪಿಯರಿಗೂ ಹೆಚ್ಚು. ಅಷ್ಟೂ ಆ ತೆಳು ವೈರಿನಲ್ಲೇ ಹರಿಯುತ್ತಿತ್ತು. ಫ್ಯೂಸ್ ಕೂಡ ಇರಲಿಲ್ಲ, ಅದು ನನಗೆ ನಿಜಕ್ಕೂ ಸಿಟ್ಟು ತರಿಸಿತು.

ಬ್ಯಾಟರಿಯಿಂದ ನೇರವಾಗಿ 2.5 ಚದರ ಮಿಲಿಮೀಟರಿನ ವೈರ್ ಎಳೆದೆ. ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್, ನಂತರ ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹರಿಸುವ, ನಿಲ್ಲಿಸುವ ಪುಟ್ಟ ಪೆಟ್ಟಿಗೆ. ಅದರ ಪಿನ್ನುಗಳಲ್ಲಿ 30ಕ್ಕೆ ಬ್ಯಾಟರಿ, 87ಕ್ಕೆ ದೀಪ, 86ಕ್ಕೆ ಸ್ವಿಚ್, 85ಕ್ಕೆ ಅರ್ತ್ (ಜೀಪಿನ ಲೋಹದ ಮೈ). ಸ್ವಿಚ್ಚಿಗೆ ಹೈಬೀಮ್ ವೈರಿನಿಂದ ಕರೆಂಟು ಕೊಟ್ಟಿದ್ದರಿಂದ, ಎದುರು ಗಾಡಿಗೆ ಡಿಮ್ ಮಾಡಿದೊಡನೆ ಇವೂ ಆರುತ್ತವೆ. ಅರ್ತ್ ಬೋಲ್ಟಿನ ಕೆಳಗೆ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿದ ಮೇಲೆ ದೀಪದ ಮಿಣುಕಾಟವೂ ನಿಂತಿತು.