ಬಚ್ಚಲೊಲೆ ಹೊಗೆ ಕಾರಿದರೆ ಮೊದಲು ಕಟ್ಟಿಗೆ ನೋಡಿ

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಸೋಲಾರ್ ನಂಬಿಕೊಂಡರೆ ತಣ್ಣೀರೇ ಗತಿ. ಗೀಸರ್ ಇದೆಯಲ್ಲ ಅಂದುಕೊಂಡರೆ, ಗಾಳಿಗೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟೇ ಇರುವುದಿಲ್ಲ. ಕೊನೆಗೆ ಕೈಹಿಡಿಯುವುದು ಹೊರಗಿನಿಂದ ಬೆಂಕಿ ಹಾಕುವ ಬಚ್ಚಲೊಲೆ. ಅದರ ರಗಳೆ ಶುರುವಾಗುವುದೂ ಆಗಲೇ.

ಹೊಗೆ ಒಲೆಬಾಯಿಯಿಂದಲೇ ವಾಪಸ್ ಬರುತ್ತಿದೆಯಾ? ಚಿಮಣಿಗೆ ಬೈಯುವ ಮೊದಲು ಕಟ್ಟಿಗೆ ನೋಡಿ. ನಾನು ಹಿಂದೊಮ್ಮೆ ಇದೇ ಹೊಗೆ ಅಂತ ಚಿಮಣಿಯ ಪೈಪನ್ನೇ ಬದಲಾಯಿಸಿದೆ, ದುಡ್ಡು ಹೋಯಿತು, ಹೊಗೆ ಹಾಗೇ ಉಳಿಯಿತು. "ಹಸಿ ಅಕೇಶಿಯಾ ತುರುಕಿದ್ರೆ ಒಲೆ ಏನ್ ಮಾಡ್ತದೆ ಮಾರಾಯ?" ಅಂದರು ಅಮ್ಮ. ಸರಿಯೇ. ಆಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ ಇರುತ್ತದೆ, ಆ ನೀರು ಆವಿಯಾಗುವವರೆಗೆ ಬೆಂಕಿಗೆ ಬೇರೆ ಕೆಲಸವಿಲ್ಲ. ಒಂದು ಲೀಟರ್ ನೀರನ್ನು ಆವಿ ಮಾಡುವ ಶಾಖದಲ್ಲಿ ಸುಮಾರು 30 ಲೀಟರ್ ನೀರು 22 ಡಿಗ್ರಿಯಿಂದ 42 ಡಿಗ್ರಿಗೆ ಏರುತ್ತದೆ. ಅಂದರೆ ಒಬ್ಬರ ಸ್ನಾನದ ನೀರು ಸುಮ್ನೆ ಹೊಗೆಯ ಜೊತೆ ಹೋಯಿತು ಅಂತ ಲೆಕ್ಕ.

ಒಣಗಿದೆಯೋ ಇಲ್ಲವೋ ಅಂತ ತಿಳಿಯುವುದು ಸುಲಭ. ಎರಡು ತುಂಡು ಒಂದಕ್ಕೊಂದು ಹೊಡೆದು ನೋಡಿ. ಠಣ್ ಅಂದರೆ ಒಣಗಿದೆ, ದಪ್ ಅಂದರೆ ಹಸಿ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು. ಜನವರಿ ಹೊತ್ತಿಗೆ ಕಡಿದು, ಸೀಳಿ, ಕಲ್ಲಿನ ಮೇಲೆ ಅಡ್ಡ ಕೋಲು ಹಾಕಿ ನೆಲಕ್ಕೆ ತಾಗದಂತೆ ಒಟ್ಟಿಡಿ. ಸೀಳದ ದಿಮ್ಮಿಯನ್ನು ಸಿಪ್ಪೆ ಬೇಗ ಒಣಗಲು ಬಿಡುವುದಿಲ್ಲ. ರಾಶಿಗೆ ಮೇಲೆ ಮಾತ್ರ ಶೀಟು ಸಾಕು. ಸುತ್ತಲೂ ಟಾರ್ಪಲ್ ಸುತ್ತಿದರೆ ಒಳಗೇ ಬೂಷ್ಟು ಹಿಡಿಯುತ್ತದೆ.

ಕಟ್ಟಿಗೆ ಒಣಗಿದ್ದರೂ ಹೊಗೆ ಬಂದರೆ ಬೂದಿ ನೋಡಿ. ಜಾಲರಿಯ ಕೆಳಗೆ ಬೂದಿ ತುಂಬಿದ್ದರೆ ಗಾಳಿ ಎಲ್ಲಿಂದ ಬರಬೇಕು, ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗುವುದಷ್ಟೇ. ತೆಗೆದ ಬೂದಿಯನ್ನು ಕಬ್ಬಿಣದ ಬಾಣಲೆಯಲ್ಲಿ ಇಡಿ. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ, ಪ್ಲಾಸ್ಟಿಕ್ ಬಕೆಟ್ಟೂ ಬೇಡ, ದರಗಿನ (ಒಣ ಎಲೆಯ) ರಾಶಿಯ ಪಕ್ಕವೂ ಬೇಡ. ಪೂರ್ತಿ ತಣ್ಣಗಾದ ಮೇಲೆ ತೆಂಗಿನ ಬುಡಕ್ಕೆ ಹಾಕಿ.

ಬೆಳಿಗ್ಗೆ ಬೆಂಕಿ ಹಚ್ಚಿದಾಗ ಮೊದಲ ಐದು ನಿಮಿಷ ಮಾತ್ರ ಹೊಗೆ ವಾಪಸ್ ಬಂದರೆ ಚಿಮಣಿಯೊಳಗೆ ತಣ್ಣನೆ ಗಾಳಿ ಕೂತಿದೆ ಅಂತ ಅರ್ಥ. ಒಣಗಿದ ಅಡಿಕೆ ಹಾಳೆಯ ಚೂರನ್ನು ಚಿಮಣಿಯ ಬುಡದಲ್ಲಿ ಉರಿಸಿ, ಸೆಳೆತ ಶುರುವಾಗುತ್ತದೆ. ಇಡೀ ಹೊತ್ತು ಬಂದರೆ ಮಸಿ ಕಟ್ಟಿದೆ. ಹಸಿ ಕಟ್ಟಿಗೆ ತುಂಬಿ ರಾತ್ರಿಯಿಡೀ ಹೊಗೆಯಾಡಿಸುವವರ ಚಿಮಣಿಯಲ್ಲಿ ಟಾರಿನಂಥ ಜಿಗುಟು ಜಾಸ್ತಿ, ಅದಕ್ಕೆ ಬೆಂಕಿ ಹತ್ತಿದರೆ ಲಾರಿ ಬಂದಂತೆ ಗುಡುಗುಡು ಸದ್ದು. ಆಗ ನೀರು ಎರಚಬೇಡಿ, ಚಿಮಣಿ ಸೀಳಿಬಿಡುತ್ತದೆ. ಒಲೆಬಾಯಿಗೆ ತಗಡು ಮುಚ್ಚಿ, ಗಾಳಿ ನಿಲ್ಲಿಸಿ, ಮಾಡಿನ ಕಡೆ ಕಣ್ಣಿಡಿ, ಹಬ್ಬುವ ಹಾಗಿದ್ದರೆ ತಡಮಾಡದೆ 112ಕ್ಕೆ ಫೋನ್ ಮಾಡಿ. ಮಸಿ ತೆಗೆಯಲು ಒಲೆ ಪೂರ್ತಿ ಆರಿದ ಮೇಲೆ ಗೋಣಿಚೀಲದಲ್ಲಿ ಕಲ್ಲು ಕಟ್ಟಿ ಹಗ್ಗದಲ್ಲಿ ಮೇಲಿನಿಂದ ಇಳಿಸಿ ಎಳೆದರೆ ಸಾಕು. ಪಾಚಿ ಹಿಡಿದ ಹಂಚಿನ ಮೇಲೆ ಮಾತ್ರ ಮಳೆಯಲ್ಲಿ ಹತ್ತಬೇಡಿ.

ಬೆಂಕಿ ಚೆನ್ನಾಗಿದೆ, ನೀರು ಕಾಯುವುದಿಲ್ಲ ಅನ್ನುವವರು ಹಂಡೆಯ ತಳ ನೋಡಿ. ಅಲ್ಲಿ ಕೂತ ಮಸಿ ಶಾಖವನ್ನು ತಡೆಯುತ್ತದೆ. ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕುತ್ತೀರಲ್ವಾ, ಆಗ ಹೊರಗಿನ ಹೊಳಪಿನ ಜೊತೆ ತಳವನ್ನೂ ಕೆರೆದುಬಿಡಿ. ಬೋರ್‌ವೆಲ್ ನೀರಾದರೆ ಒಳಗೆ ಬಿಳಿ ಪದರವೂ ಕಟ್ಟಿರಬಹುದು. ಹುಣಸೆಹಣ್ಣಿನ ನೀರು ಹಾಕಿ ನೆನೆಸಿಟ್ಟು ಉಜ್ಜಿ.

ಒಲೆಗೋಡೆ ಬಿರಿದರೆ ಸಿಮೆಂಟ್ ಬೇಡ, ಬಿಸಿಗೆ ಮತ್ತೆ ಬಿರಿಯುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೆತ್ತಿ, ಎರಡು ದಿನ ಒಣಗಿಸಿ, ಸಣ್ಣ ಬೆಂಕಿಯಿಂದ ಶುರು ಮಾಡಿ.

ಹಂಡೆ ಬದಲು ಮುಚ್ಚಿದ ಬಾಯ್ಲರ್ ಇಟ್ಟವರು ಆವಿ ಹೋಗುವ ಪೈಪಿಗೆ ಎಂದೂ ಬಿರಡೆ ಹಾಕಬೇಡಿ, ಹನಿ ಬೀಳುತ್ತದೆ ಅಂತ ಕೂಡ. ಹೊರಗೆ ದಾರಿಯಿಲ್ಲದ ಆವಿ ಡ್ರಮ್ಮನ್ನೇ ಒಡೆಯಬಹುದು. ಚಳಿಗೆ ಅಂತ ಬಚ್ಚಲಿನ ಕಿಟಕಿ ಮುಚ್ಚಿ ಒಳಗೆ ಕೆಂಡ ಇಟ್ಟುಕೊಳ್ಳುವುದೂ ಬೇಡ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಇನ್ನು ಒಣ ಕಟ್ಟಿಗೆ ಹಾಕಿದರೂ ಬೆಂಕಿ ಚುರ್ ಚುರ್ ಅನ್ನುತ್ತಿದ್ದರೆ ಹಂಡೆಯ ತಳ ಸೋರುತ್ತಿರಬಹುದು. ಪೈಪಿಗೆ ಹಚ್ಚುವ ಅಂಟು ಆ ಬಿಸಿಗೆ ನಿಲ್ಲುವುದಿಲ್ಲ, ತಾಮ್ರದ ಕೆಲಸದವರ ಹತ್ತಿರ ಬೆಸುಗೆ ಹಾಕಿಸಿ. ಅದಾದ ಮೇಲೆ ಹಂಡೆ ಖಾಲಿ ಇಟ್ಟು ಬೆಂಕಿ ಹಾಕಿದಿರೋ, ಬೆಸುಗೆ ಮತ್ತೆ ಬಿಟ್ಟುಕೊಳ್ಳುತ್ತದೆ.