ಐವತ್ತು ಸಾವಿರ ಪಟ್ಟು ಹಿಗ್ಗಿಸಿದ ಯಕೃತ್ತಿನ ಕೋಶ

ಶಿರಸಿ ಸೀಮೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಮಕ್ಕಳಿಂದ ಪ್ರಾಣಿಕೋಶದ ಮಾದರಿ ಮಾಡಿಸಲು ಹೊರಟಾಗ ಮೊದಲು ಗೊತ್ತುಮಾಡಿಕೊಂಡದ್ದು ಎರಡು ಸಂಗತಿ: ಯಾವ ಕೋಶ, ಎಷ್ಟು ಪಟ್ಟು. ಪಠ್ಯದ ಚಿತ್ರದಲ್ಲಿರುವ ‘ಸಾಮಾನ್ಯ ಪ್ರಾಣಿಕೋಶ’ ಯಾವ ಪ್ರಾಣಿಯ ದೇಹದಲ್ಲೂ ಸಿಗುವುದಿಲ್ಲ. ಉದ್ದನೆಯ ನರಕೋಶ, ಕೋಶಕೇಂದ್ರವೇ ಇಲ್ಲದ ಮನುಷ್ಯನ ಕೆಂಪು ರಕ್ತಕಣ, ಹೀಗೆ ಒಂದೊಂದರ ರಚನೆಯೂ ಬೇರೆ. ಯಕೃತ್ತಿನ ಕೋಶದಲ್ಲಿ ಯಾವ ಕಣದಂಗ (ಕೋಶದೊಳಗೆ ಗೊತ್ತಾದ ಕೆಲಸ ಮಾಡುವ ಭಾಗ) ಎಷ್ಟು ಜಾಗ ಹಿಡಿಯುತ್ತದೆಂಬುದನ್ನು ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಳು ಪದರಗಳನ್ನು ನೋಡಿ ಅಳೆದಿಟ್ಟಿರುವುದರಿಂದ ನಾವು ಅದನ್ನೇ ಆರಿಸಿಕೊಂಡೆವು. ಸುಮಾರು 20 ಮೈಕ್ರೊಮೀಟರ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರೊಮೀಟರ್) ಅಗಲದ ಆ ಕೋಶವನ್ನು 50,000 ಪಟ್ಟು ಹಿಗ್ಗಿಸಿದರೆ 1 ಮೀಟರ್ ಆಗುತ್ತದೆ. ನಿಜವಾದ ಕೋಶಕ್ಕೆ ಹಲವು ಮುಖಗಳಿದ್ದರೂ ಲೆಕ್ಕ ಸುಲಭವಾಗಲೆಂದು ಅದನ್ನು ಗೋಳವೆಂದು ಭಾವಿಸಿ, ಬಿದಿರಿನ ಸೀಳುಗಳಿಂದ ಅರ್ಧಗೋಳದ ಚೌಕಟ್ಟು ಕಟ್ಟಿದೆವು.

ಕೋಶಪೊರೆಯ ದಪ್ಪ 7ರಿಂದ 8 ನ್ಯಾನೊಮೀಟರ್ (ಮೈಕ್ರೊಮೀಟರಿನ ಸಾವಿರದಲ್ಲೊಂದು ಭಾಗವೇ ನ್ಯಾನೊಮೀಟರ್). ನಮ್ಮ ಅಳತೆಯಲ್ಲಿ ಅದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಆದ್ದರಿಂದ ಮಾದರಿಗಳಲ್ಲಿ ಸಾಮಾನ್ಯವಾಗಿ ಬಳಸುವ ಥರ್ಮೋಕೋಲನ್ನು ಬಿಟ್ಟು, ಮೇಜಿಗೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಹೊದಿಸಿದೆವು. ಈ ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಪದರವಾಗಿ ನಿಂತಿವೆಯೆಂದು 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಆ ಪದರಗಳು ದ್ರವದಂತೆ ಸರಿದಾಡುತ್ತವೆ, ಪ್ರೋಟೀನುಗಳು ಅವುಗಳಲ್ಲಿ ನೆಟ್ಟುಕೊಂಡು ತೇಲುತ್ತವೆ ಎಂಬ ಮಾದರಿಯನ್ನು ಸಿಂಗರ್ ಮತ್ತು ನಿಕೋಲ್ಸನ್ 1972ರಲ್ಲಿ ಮುಂದಿಟ್ಟರು. ಪ್ಲಾಸ್ಟಿಕ್ ಹಾಳೆ ಈ ಚಲನೆಯನ್ನು ತೋರಿಸಲಾರದು ಎಂಬುದನ್ನು ಮಕ್ಕಳಿಗೆ ಬಾಯಿಬಿಟ್ಟೇ ಹೇಳಬೇಕು.

ಅತಿ ಹೆಚ್ಚು ಕಲಿಸಿದ್ದು ಕೋಶಕ್ಕೆ ಶಕ್ತಿ ಒದಗಿಸುವ ಕಣದಂಗಗಳಾದ ಮೈಟೊಕಾಂಡ್ರಿಯಾ. ಚಿತ್ರಗಳಲ್ಲಿ ಮೂರೋ ನಾಲ್ಕೋ ಕಾಣುವ ಇವು ಯಕೃತ್ತಿನ ಕೋಶವೊಂದರಲ್ಲಿ ಸಾವಿರದಿಂದ ಎರಡು ಸಾವಿರದವರೆಗೆ ಇದ್ದು, ಒಟ್ಟು ಗಾತ್ರದ ಶೇ. 22ರಷ್ಟನ್ನು ತುಂಬಿರುತ್ತವೆ, ಕೋಶಕೇಂದ್ರದ ಪಾಲು ಶೇ. 6 ಮಾತ್ರ. ಅರ್ಧಗೋಳದಲ್ಲಿ ಸುಮಾರು 260 ಲೀಟರ್ ಜಾಗವಿರುವುದರಿಂದ ಮೈಟೊಕಾಂಡ್ರಿಯಾಗಳಿಗೇ 57 ಲೀಟರ್ ಬೇಕು. ಅಷ್ಟನ್ನೂ ಮಾಡಿ ತುಂಬಿದರೆ ಒಳಗಿನದೇನೂ ಕಾಣದೆಂದು, ಕಾಲುಭಾಗವನ್ನು ಮಾತ್ರ ಲೆಕ್ಕದಂತೆ ಭರ್ತಿಮಾಡಿ, ಉಳಿದದ್ದನ್ನು ಬೇಕೆಂದೇ ತೆರೆದಿಟ್ಟೆವು. ನೆನೆಸಿ ಮೆತ್ತಗಾದ ಅಡಿಕೆ ಹಾಳೆಯನ್ನು ಸುತ್ತಿ ಕೊಳವೆಗಳನ್ನು ಮಾಡಿದೆವು. ಒಳಪೊರೆಯ ಮಡಿಕೆಗಳಿಗಾಗಿ ಅವುಗಳೊಳಗೆ ಕಾಗದವನ್ನು ಮಡಚಿ ತೂರಿಸಿದೆವು. ಜೀವಂತ ಕೋಶದಲ್ಲಿ ಇವು ಒಂದನ್ನೊಂದು ಕೂಡಿಕೊಳ್ಳುತ್ತವೆ, ಮತ್ತೆ ಒಡೆಯುತ್ತವೆ. ಆದ್ದರಿಂದ ಕೆಲವನ್ನು ಕವಲೊಡೆದ ಆಕಾರದಲ್ಲಿ ಜೋಡಿಸಿದೆವು.

ಪ್ರೋಟೀನು, ಕೊಬ್ಬು ತಯಾರಾಗುವ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ಗೆ ಗಂಜಿಯಲ್ಲಿ ಅದ್ದಿದ ಹಳೆಯ ಪಂಚೆಯ ಬಟ್ಟೆ ಒದಗಿತು. ಅದು ಕೋಶಕೇಂದ್ರದ ಹೊರಪೊರೆಯ ಮುಂದುವರಿಕೆಯೇ ಆದ್ದರಿಂದ ಎರಡನ್ನೂ ಒಂದೇ ಬಟ್ಟೆಯಿಂದ ಮಾಡಿಸಿದೆ. ಪ್ರೋಟೀನು ತಯಾರಿಸುವ ಪುಟ್ಟ ಕಣವಾದ ರೈಬೋಸೋಮಿನ ಅಗಲ ನಮ್ಮ ಅಳತೆಯಲ್ಲಿ ಒಂದೂಕಾಲರಿಂದ ಒಂದೂವರೆ ಮಿಲಿಮೀಟರ್ ಆಗುವುದರಿಂದ ರಾಗಿಕಾಳು ಸರಿಹೊಂದಿತು. ನಿಜವಾದ ಕೋಶದಲ್ಲಿ ಅವುಗಳ ಸಂಖ್ಯೆ ದಶಲಕ್ಷಗಳಲ್ಲಿರುತ್ತದೆ.

ಆನುವಂಶಿಕ ಮಾಹಿತಿಯ ಡಿಎನ್‌ಎಯನ್ನು ಒಳಗಿಟ್ಟುಕೊಂಡಿರುವ ಕೋಶಕೇಂದ್ರ 40 ಸೆಂಟಿಮೀಟರ್ ಅಗಲದ್ದಾಯಿತು. ಮನುಷ್ಯನ ಒಂದು ಕೋಶದ ಡಿಎನ್‌ಎ ಎಳೆಗಳ ಒಟ್ಟು ಉದ್ದ ಸುಮಾರು 2 ಮೀಟರ್. ಇದೇ ಅಳತೆಯಲ್ಲಿ ಹಿಗ್ಗಿಸಿದರೆ ಹತ್ತನೇ ಒಂದು ಮಿಲಿಮೀಟರ್ ದಪ್ಪದ, 100 ಕಿಲೋಮೀಟರ್ ಉದ್ದದ ದಾರ. ಕಾರವಾರದಿಂದ ಹೆದ್ದಾರಿಯಗುಂಟ ಬಿಡಿಸಿಕೊಂಡು ಹೋದರೆ ಹೊನ್ನಾವರವನ್ನೂ ದಾಟುತ್ತದೆ. ಈ ಲೆಕ್ಕವನ್ನು ಮಕ್ಕಳೇ ಗುಣಿಸಿ ತೆಗೆಯಲಿ ಎಂಬುದು ನನ್ನ ಒತ್ತಾಯ.

ಯಾವ ಕಣದಂಗ ಎಲ್ಲಿರಬೇಕೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅಮೆರಿಕದ ಅಲೆನ್ ಸಂಸ್ಥೆಯವರು ಎರಡು ಲಕ್ಷಕ್ಕೂ ಹೆಚ್ಚು ಮಾನವ ಆಕರಕೋಶಗಳ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶಗಳ) ಮೂರು ಆಯಾಮದ ಚಿತ್ರಗಳನ್ನು ಗಣಕದಲ್ಲಿ ಹೋಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದೇ ಬಗೆಯ ಕೋಶಗಳೊಳಗೂ ಈ ವಿನ್ಯಾಸ ಎಷ್ಟು ಬದಲಾಗುತ್ತದೆ, ಎಷ್ಟು ಸ್ಥಿರವಾಗಿರುತ್ತದೆ ಎಂಬುದನ್ನೇ ಅಳೆಯುತ್ತದೆ. ಹೀಗಾಗಿ ಮಾದರಿಯ ಪಕ್ಕದ ಫಲಕದಲ್ಲಿ ಕೋಶದ ಹೆಸರು ಮತ್ತು ಹಿಗ್ಗಿಸಿದ ಪ್ರಮಾಣದ ಜೊತೆಗೆ, ಬಣ್ಣಗಳು ಗುರುತಿಗಾಗಿ ಮಾತ್ರ, ಈ ಜೋಡಣೆ ಹಲವು ಸಾಧ್ಯತೆಗಳಲ್ಲಿ ಒಂದು, ತೆರೆದಿಟ್ಟ ಜಾಗ ನಿಜವಾದ ಕೋಶದಲ್ಲಿ ಖಾಲಿಯಿರದೆ ಪ್ರೋಟೀನು ಮತ್ತಿತರ ಅಣುಗಳಿಂದ ಕಿಕ್ಕಿರಿದಿರುತ್ತದೆ ಎಂದೂ ಬರೆಸಿದ್ದೇನೆ.