ಒಂದು ಎಕರೆ, ಮೂವತ್ತೆಂಟು ಮನೆ

ವಿಜಯಪುರದಲ್ಲಿ ನಾನು ಸಣ್ಣ ಮನೆ ಕಟ್ಟಿಸುವ ಕೆಲಸ ಮಾಡುತ್ತೇನೆ. ದೊಡ್ಡ ಬಿಲ್ಡರ್ ಏನಲ್ಲ. ಸಿವಿಲ್ ಡಿಪ್ಲೊಮಾ ಮುಗಿಸಿ, ಹತ್ತು ವರ್ಷ ಬೇರೆಯವರ ಕೈಕೆಳಗೆ ದುಡಿದು, ಆಮೇಲೆ ಸ್ವಂತಕ್ಕೆ ಇಳಿದವನು. ನನ್ನ ಹತ್ತಿರ ಬರುವವರು ಟಂಟಂ ಓಡಿಸುವವರು, ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು, ಗೌಂಡಿಗಳು. ಊರಿನ ಮನೆಯೆಲ್ಲ ಕಟ್ಟಿದ ಗೌಂಡಿ ತಾನು ಮಾತ್ರ ಪತ್ರಾಸಿನ ಕೆಳಗೆ ಮಲಗುತ್ತಾನೆ.

2019ರಿಂದ ಜಿಎಸ್‌ಟಿ ಲೆಕ್ಕದಲ್ಲಿ 45 ಲಕ್ಷದವರೆಗಿನ ಮನೆಯೂ ಅಗ್ಗದ ಮನೆಯೇ, ತೆರಿಗೆ ಬರೀ ಶೇ 1. ಇದನ್ನು ನಮ್ಮ ಗೌಂಡಿ ಕಾಕಾಗೆ ಹೇಳಿದಾಗ ಅವರು ಕೈಯಲ್ಲಿದ್ದ ಥಾಪಿ ಕೆಳಗಿಟ್ಟು ನಕ್ಕರು. ಅವರ ಲೆಕ್ಕ ಎಂಟು-ಒಂಬತ್ತು ಲಕ್ಷಕ್ಕೆ ನಿಂತುಬಿಡುತ್ತದೆ, ಸೈಟೂ ಸೇರಿ.

ಶುರುವಿಗೆ ನಾನೂ ಎಲ್ಲರ ಹಾಗೆ ಇಟ್ಟಂಗಿ, ಸಿಮೆಂಟಿನಲ್ಲೇ ಉಳಿತಾಯ ಹುಡುಕಿದೆ. ನಮ್ಮ ಕಡೆ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಖರ್ಚು ಉಳಿಸೋಣ ಅಂತ ಮೊದಲನೇ ಮನೆಗೆ ಪಾಯವನ್ನು ಮೂರೇ ಅಡಿಗೆ ನಿಲ್ಲಿಸಿದೆ. ಮುಂದಿನ ಏಪ್ರಿಲ್‌ನಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಬಿತ್ತು. ಮನೆಯಾಕೆ ಅದರಲ್ಲಿ ಬೆರಳು ತೂರಿಸಿ ತೋರಿಸಿದರು: "ಸಾಹೇಬ್ರ, ಇದರಾಗ ಹಲ್ಲಿ ಮರಿ ಮಾಡೇತ್ರಿ." ರಿಪೇರಿ ಕೈಯಿಂದ ಮಾಡಿಸಿಕೊಟ್ಟೆ. ಉಳಿಸಿದ್ದಕ್ಕಿಂತ ಜಾಸ್ತಿ ಹೋಯಿತು.

ಆಮೇಲೆ ಅಂಡರ್-ರೀಮ್ಡ್ ಪೈಲಿಗೆ ಬಂದೆ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಢಿಗೆ ತಂದ ಪದ್ಧತಿ ಅದು. ಸುಮಾರು ಹನ್ನೆರಡು ಅಡಿ ಆಳಕ್ಕೆ ಸಣ್ಣ ಗುಂಡಿ ಕೊರೆದು, ತಳದ ಹತ್ತಿರ ಅದನ್ನು ಎರಡೂವರೆ ಪಟ್ಟು ಅಗಲ ಮಾಡಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುವುದು. ಮೇಲಿನ ಮಣ್ಣು ಉಬ್ಬಿದರೂ ತಳದ ಗಡ್ಡೆ ಹಿಡಿದುಕೊಂಡಿರುತ್ತದೆ. ಪೈಲುಗಳ ಮೇಲೆ ಕೂತು ಗೋಡೆ ಹೊರುವ ಕಾಂಕ್ರೀಟ್ ತೊಲೆ, ಅಂದರೆ ಪ್ಲಿಂತ್ ಬೀಮು, ಅದರ ಕೆಳಗೆ ಮೂರು ಇಂಚು ಖಾಲಿ ಬಿಡಬೇಕು. ಮಣ್ಣು ಉಬ್ಬಲು ಜಾಗ ಬೇಕಲ್ವಾ. ಆ ಸಂದು ಕಂಡರೆ ನಮ್ಮ ಹುಡುಗರಿಗೆ ತಡೆಯುವುದಿಲ್ಲ, ಗರಸು ತುಂಬಿಬಿಡುತ್ತಾರೆ. ನಾನೇ ಬಗ್ಗಿ ನೋಡುತ್ತೇನೆ.

ಇಷ್ಟು ಪಾಡು ಪಟ್ಟರೂ ಮನೆ ಅಗ್ಗ ಆಗಲಿಲ್ಲ. ಯಾಕೆ ಅಂತ ಗೊತ್ತಾಗಿದ್ದು ಊರ ಹೊರಗೆ ಒಂದು ಎಕರೆ ಹೊಲ ಹಿಡಿದಾಗ.

ಹೊಲಕ್ಕೆ ಸಾಲ ತಂದಿದ್ದೆ, ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿ. ಎನ್.ಎ. ಆಗಬೇಕು, ಅಂದರೆ ಹೊಲ ಕೃಷಿಯೇತರ ಜಮೀನು ಅಂತ ಬದಲಾಗಬೇಕು, ಲೇಔಟ್ ನಕ್ಷೆ ಮಂಜೂರಾಗಬೇಕು, ಆಮೇಲೆ ಖಾತೆ. ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗುತ್ತ ಫೈಲು ಹದಿನಾಲ್ಕು ತಿಂಗಳು ತಿರುಗಿತು. ಯಾರೂ ಕೆಟ್ಟವರಲ್ಲ, ಲಂಚ ಕೇಳಿದವರೂ ಇಲ್ಲ. ಒಬ್ಬರು ರಜೆ, ಒಬ್ಬರಿಗೆ ಚುನಾವಣೆ ಡ್ಯೂಟಿ, ಒಬ್ಬರಿಗೆ ವರ್ಗ. ಹದಿನಾಲ್ಕು ತಿಂಗಳಿಗೆ ನೂರಕ್ಕೆ 21 ರೂಪಾಯಿ ಬಡ್ಡಿ. ಒಂದು ಕಲ್ಲು ಇಡುವ ಮೊದಲೇ ಜಾಗದ ಬೆಲೆ ಐದನೇ ಒಂದು ಪಾಲು ಏರಿತ್ತು. ಅದನ್ನು ಕೊಡುವವನು ನಾನಲ್ಲ, ಟಂಟಂ ಓಡಿಸುವವನು.

ಜನ ಬಾಂಡ್ ಮೇಲೆ ಪ್ಲಾಟ್ ಯಾಕೆ ಕೊಳ್ಳುತ್ತಾರೆ ಅಂತ ಅವತ್ತು ತಿಳಿಯಿತು. ಹೊಲದವನು ಗುಂಟೆ ಲೆಕ್ಕದಲ್ಲಿ ಕತ್ತರಿಸಿ, ಬಾಂಡ್ ಪೇಪರ್ ಮೇಲೆ ಬರೆದು ಕೊಟ್ಟುಬಿಡುತ್ತಾನೆ. ಎನ್.ಎ. ಇಲ್ಲ, ಚರಂಡಿ ಇಲ್ಲ, ಕಾಯುವುದೂ ಇಲ್ಲ. ಆದರೆ ಖಾತೆ ಇಲ್ಲದೆ ಬ್ಯಾಂಕಿನವರು ಒಳಗೆ ಬಿಡುವುದಿಲ್ಲ, ಪ್ರಧಾನಮಂತ್ರಿ ಆವಾಸ್ ಯೋಜನೆಯ ಸಹಾಯಧನವೂ ಸಿಗುವುದಿಲ್ಲ.

ಇನ್ನು ಸೈಟಿನ ಅಳತೆ. ಎಕರೆಗೆ 40 ಗುಂಟೆ. ರಸ್ತೆ, ಉದ್ಯಾನ, ಸಾರ್ವಜನಿಕ ಸೌಲಭ್ಯದ ಸಿ.ಎ. ಜಾಗ ಬಿಟ್ಟು ನನ್ನ ಕೈಗೆ ಉಳಿದದ್ದು 22 ಗುಂಟೆ, ಹತ್ತಿರ ಹತ್ತಿರ 24 ಸಾವಿರ ಚದರಡಿ. 30x40 ಅಡಿಯ ಸೈಟು ಮಾಡಿದರೆ 19 ಬರುತ್ತವೆ. 20x30 ಅಡಿಯವು ಮಾಡಿದರೆ 39. ಓರೆ ಮೂಲೆ ಕಳೆದು 38 ಮಾಡಿದೆ. ಅಲ್ಲಿಗೆ ಸೈಟಿನ ಬೆಲೆ ಅರ್ಧಕ್ಕೆ ಇಳಿಯಿತು. ಯಾವ ಹೊಸ ತಂತ್ರಜ್ಞಾನವೂ ನನಗೆ ಇಷ್ಟು ಉಳಿಸಿಕೊಟ್ಟಿಲ್ಲ.

ಆದರೆ ಸಣ್ಣ ಸೈಟಿಗೆ ದೊಡ್ಡ ಸೈಟಿನ ನಿಯಮ ಹಚ್ಚಿದರೆ ಎಲ್ಲ ಹಾಳು. ಎರಡೂ ಬದಿ ಮೂರು ಮೂರಡಿ ಬಿಡಿ ಅಂತ ನಕ್ಷೆ ವಾಪಸ್ ಬಂತು. 20 ಅಡಿಯಲ್ಲಿ ಆರು ಹೋದರೆ 14. ಅದರಲ್ಲಿ ಗೋಡೆಯ ದಪ್ಪ ಕಳೆದರೆ ಕೋಣೆ ಎಲ್ಲಿ, ನಡುವಿನ ದಾರಿ ಎಲ್ಲಿ? ಬದಿಯ ಆ ಸಂದಿಯಲ್ಲಿ ಗಾಳಿಯೂ ಆಡುವುದಿಲ್ಲ, ಕಸ ಬೀಳುತ್ತದೆ ಅಷ್ಟೇ. ಮನೆಗೆ ಮನೆ ಅಂಟಿಸಿ ಸಾಲುಮನೆ ಅಂತ ಹೊಸದಾಗಿ ನಕ್ಷೆ ಬರೆಸಿ, ಹಿಂದೆ ಮುಂದೆ ಜಾಗ ಬಿಟ್ಟು ಮತ್ತೆ ಕೊಟ್ಟೆ. ಮಂಜೂರಾಯಿತು. ಎರಡು ಮನೆಗೆ ಒಂದೇ ನಡುಗೋಡೆ, ಅದಕ್ಕೆ ಒಂದೇ ಸಾಲು ಪೈಲು.

ನಡುಗೋಡೆಯಿಂದ ಜಗಳವೂ ಬಂತು. ನವಿ ಮುಂಬೈನ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು 1980ರ ದಶಕದಲ್ಲಿ ಸಣ್ಣ ಮನೆ ಮಾಡಿಸಿದಾಗ ಯಾರ ಗೋಡೆಯನ್ನೂ ಪಕ್ಕದವರಿಗೆ ಅಂಟಿಸಲಿಲ್ಲ. ದುಡ್ಡು ಬಂದಾಗ ಅವರವರು ಬೆಳೆಸಿಕೊಳ್ಳಲಿ ಅಂತ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಸಿಕ್ಕಾಗ ಅಲ್ಲಿಯ ನವನಗರದ ಯೋಜನೆಗೂ ಅವರೇ ಕೈ ಹಾಕಿದ್ದರು. ಆ ಮನೆ ಬೆಳೆಸುವ ವಿಚಾರ ನಾನು ತಗೊಂಡೆ, ಬಿಡಿ ಗೋಡೆ ಬಿಟ್ಟೆ. ಒಂದು ಕೋಣೆ, ಅಡುಗೆಮನೆ, ಬಚ್ಚಲು, ಸಂಡಾಸು ಮಾಡಿ, ಕಾಲಮ್ಮಿನ ಕಬ್ಬಿಣ ಮೇಲೆ ಚಾಚಿಟ್ಟು ಕೊಟ್ಟೆ. ಮೂರನೇ ವರ್ಷ ಒಬ್ಬರು ಮೇಲೆ ಕೋಣೆ ಎತ್ತಲು ಹೋದರು. ಪಕ್ಕದವರು "ಗ್ವಾಡಿ ನಂದೂ ಐತಿ, ಕೈ ಹಚ್ಚಬ್ಯಾಡ್ರಿ" ಅಂತ ನಿಂತುಬಿಟ್ಟರು. ಎರಡು ದಿನ ಚಹಾ ಕುಡಿಸಿ ರಾಜಿ ಮಾಡಿಸಿದೆ. ಈಗ ಖರೀದಿ ಪತ್ರದಲ್ಲೇ ಬರೆಸುತ್ತೇನೆ: ಗೋಡೆ ಇಬ್ಬರದು, ಮೇಲೆ ಎತ್ತುವ ಹಕ್ಕು ಇಬ್ಬರಿಗೂ ಇದೆ.

ದುಡ್ಡಿನದ್ದು ಬೇರೆಯೇ ಕಥೆ. ಆವಾಸ್ ಯೋಜನೆಯಲ್ಲಿ ಸ್ವಂತ ಸೈಟಿನಲ್ಲಿ ಕಟ್ಟುವವರಿಗೆ ಕೇಂದ್ರದ ಪಾಲು 1.5 ಲಕ್ಷ, ರಾಜ್ಯದ್ದು ಬೇರೆ. ಪಾಯ, ಲಿಂಟಲ್ (ಬಾಗಿಲು-ಕಿಟಕಿ ಮೇಲಿನ ತೊಲೆ), ಛಾವಣಿ ಅಂತ ಹಂತ ಹಂತಕ್ಕೆ ಫೋಟೊ ಹೊಡೆದ ಮೇಲೆ ಕಂತು ಬರುತ್ತದೆ. ಅಂದರೆ ಪಾಯದ ದುಡ್ಡು ಮೊದಲು ಕೈಯಿಂದಲೇ. ಎರೆ ಮಣ್ಣಿನಲ್ಲಿ ಪಾಯಕ್ಕೇ ಖರ್ಚು ಜಾಸ್ತಿ. ಹಾಸ್ಟೆಲಿನ ಅಡುಗೆಯ ಅಕ್ಕಾರು ಕಿವಿಯೋಲೆ ಅಡವಿಟ್ಟು ಪೈಲು ಹಾಕಿಸಿದರು. ಮೊದಲ ಕಂತು ಏಳು ತಿಂಗಳಿಗೆ ಬಂತು. ನಾನು ಲಿಂಟಲ್ಲಿನವರೆಗೆ ಉದ್ರಿ ಕಟ್ಟಿಕೊಟ್ಟೆ, ಕಬ್ಬಿಣದ ಅಂಗಡಿಯವರು ನನಗೆ ಉದ್ರಿ ಕೊಟ್ಟರು. ಆ ಕಂತಿಗೆ ಅಷ್ಟೂ ಜನ ಕಾಯುತ್ತಿದ್ದೆವು.

ನಗರಕ್ಕೆ ಏನು ಮಾಡಲಿಕ್ಕೆ ಆದೀತು ಅಂತ ಸಭೆಯೊಂದರಲ್ಲಿ ನನ್ನನ್ನು ಕೇಳಿದ್ದರು. ಸಬ್ಸಿಡಿ ಹೆಚ್ಚಿಸಿ ಅನ್ನುತ್ತೇನೆ ಅಂದುಕೊಂಡಿದ್ದರೋ ಏನೋ. ನಾನು ಕೇಳಿದ್ದು ಬೇರೆ. 600 ಚದರಡಿಯ ಸಾಲುಮನೆಗೆ ನಾಲ್ಕೈದು ಸಿದ್ಧ ನಕ್ಷೆ ಮಾಡಿಡಿ. ಅದನ್ನೇ ತಗೊಂಡವರಿಗೆ ಮೂವತ್ತು ದಿನದಲ್ಲಿ ಪರವಾನಗಿ ಕೊಡಿ. ನೀರಿನ ಪೈಪು, ಒಳಚರಂಡಿ ಮುಂದೆ ಯಾವ ಕಡೆ ಬರುತ್ತದೆ ಅಂತ ಈಗಲೇ ಹೇಳಿ, ನಾವು ಅಲ್ಲೇ ಹೊಲ ಹುಡುಕುತ್ತೇವೆ. ಊರೊಳಗಿನ ಖಾಲಿ ಸರ್ಕಾರಿ ಜಾಗ ಮಾರಬೇಡಿ, ಸಣ್ಣ ಮನೆಗೆಂದು ಲೀಸ್ ಕೊಡಿ. ಕೊನೆಯದಕ್ಕೆ ಯಾರೂ ತಲೆ ಆಡಿಸಲಿಲ್ಲ.

ಎರಡನೇ ಲೇಔಟಿಗೆ ಹೊಲ ಕೊಳ್ಳಲೇ ಇಲ್ಲ. ಹೊಲದ ಯಜಮಾನರನ್ನೇ ಪಾಲಿಗೆ ಸೇರಿಸಿಕೊಂಡೆ. ಫೈಲು ಹನ್ನೊಂದು ತಿಂಗಳು ತಗೊಂಡಿತು, ಬಡ್ಡಿ ಓಡಲಿಲ್ಲ. ಕಾಯುವಷ್ಟು ದಿನ ಅವರು ಅಲ್ಲಿ ತೊಗರಿ ಬೆಳೆದರು. ಪೈಲಿನ ಮಷೀನು ಒಳಗೆ ಬಂದಾಗ ರಾಶಿ ಇನ್ನೂ ಮುಗಿದಿರಲಿಲ್ಲ, ನಾವು ನಾಲ್ಕು ದಿನ ನಿಂತೆವು.